ಪದಚರ್ಚೆ: ‘ಫೋರ್ಕ್’ಗೆ ಕವಲು ಸಾಕೇ? ‘ಪರ್ಮಿಶನ್’ಗೆ ಯಾವುದು?

ನಮಸ್ಕಾರ. ಶಿರಸಿ, ಸಿದ್ದಾಪುರ ಕಡೆಯ ಮಾತಿನ ಪದಗಳನ್ನು ನಾವು ಕೆಲವರು ಸೇರಿ ಪಟ್ಟಿ ಮಾಡುತ್ತಿದ್ದೇವೆ. ಅದನ್ನಿಡಲು ಒಂದು ಫೋರ್ಜೇಯೊ (ಹಲವರು ಸೇರಿ ಕಡತಗಳನ್ನು ತಿದ್ದಲು, ಬದಲಾವಣೆಗಳ ದಾಖಲೆ ಇಡಲು ಬಳಸುವ ತಂತ್ರಾಂಶ) ಸರ್ವರ್ ಹಾಕಿಕೊಂಡಿದ್ದೇವೆ. ಈಗ ಅದರಲ್ಲಿ ಫೋರ್ಕ್ ಮಾಡುವುದನ್ನೂ ಪರ್ಮಿಶನ್ ಕೊಡುವುದನ್ನೂ ಶುರು ಮಾಡಬೇಕು. ಬಟನ್‌ಗಳಿಗೆ ಕನ್ನಡ ಪದ ಬೇಕಾಗಿದೆ.

ಫೋರ್ಕ್‌ಗೆ ‘ಕವಲು’ ಥಟ್ಟನೆ ಹೊಳೆಯುತ್ತದೆ. ಆದರೆ ಬ್ರ್ಯಾಂಚ್‌ಗೂ ಅದನ್ನೇ ಬಳಸುವವರಿದ್ದಾರೆ. ಬ್ರ್ಯಾಂಚ್ ಅಂದರೆ ಕೆಲಸದ ಇನ್ನೊಂದು ಎಳೆ, ಅದು ಇರುವುದು ಅದೇ ರೆಪೊಸಿಟರಿಯ (ಕಡತಗಳೂ ಅವುಗಳ ಬದಲಾವಣೆಗಳೂ ಇರುವ ಸಂಗ್ರಹದ) ಒಳಗೆ. ಫೋರ್ಕ್ ಮಾಡಿದರೆ ಇಡೀ ರೆಪೊಸಿಟರಿ, ಹಳೆಯ ಬದಲಾವಣೆಗಳ ಸಮೇತ, ನಮ್ಮ ಖಾತೆಗೇ ಬರುತ್ತದೆ. ಅಲ್ಲಿ ತಿದ್ದಿ, ಪುಲ್ ರಿಕ್ವೆಸ್ಟ್ (ಈ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಮಾಡಿ ಮೂಲದವರಿಗೆ ಕಳಿಸಬಹುದು. ಹಾಗಾಗಿ ಬ್ರ್ಯಾಂಚ್‌ಗೆ ‘ಶಾಖೆ’, ಫೋರ್ಕ್‌ಗೆ ‘ಕವಲು’ ಇರಲಿ ಅನ್ನುತ್ತೇನೆ. ‘ನಕಲು’ ಬೇಡ, ಕ್ಲೋನ್‌ಗೆ (ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಪ್ರತಿಗೆ) ಅದು ಬೇಕಾಗುತ್ತದೆ.

ಬಟನ್ ಮೇಲೆ ಸುಮ್ನೆ ‘ಕವಲು’ ಅಂದರೆ ಹೆಸರೋ ಕೆಲಸವೋ ತಿಳಿಯುವುದಿಲ್ಲ. ‘ಕವಲು ಮಾಡಿಕೊಳ್ಳಿ’ ಎಂದರೆ? ‘ಕೊಳ್ಳು’ ಸೇರಿದ ಕೂಡಲೇ ತನಗಾಗಿ ಮಾಡಿಕೊಳ್ಳುವುದು ಅನ್ನುವ ಅರ್ಥ ಬಂದುಬಿಡುತ್ತದೆ. ಇದು ನನಗೆ ತುಂಬ ಹಿಡಿಸಿದೆ. ಒಂದು ಯೋಜನೆಯೇ ಒಡೆದು ಬೇರೆಯಾದಾಗಲೂ ಫೋರ್ಕ್ ಅನ್ನುತ್ತಾರಲ್ವಾ? ಇಂಥದೇ ತಂತ್ರಾಂಶಗಳಲ್ಲಿ, 2016ರಲ್ಲಿ ಗಾಗ್ಸ್‌ನಿಂದ ಗಿಟೀ, 2022ರಲ್ಲಿ ಗಿಟೀಯಿಂದ ಫೋರ್ಜೇಯೊ ಬೇರೆಯಾದವು. ಅದಕ್ಕೆ ‘ಕವಲೊಡೆಯಿತು’ ಹೊಂದುತ್ತದೆ.

ಪರ್ಮಿಶನ್ ಕಡೆ ತೊಡಕು ಜಾಸ್ತಿ. ‘ಪರವಾನಗಿ’ ಲೈಸೆನ್ಸ್‌ಗೆ ಆಗಲೇ ನಿಂತುಬಿಟ್ಟಿದೆ. ‘ಹಕ್ಕು’ ಅಂದರೆ ಒಡೆತನ ಅನಿಸುತ್ತದೆ ಎಂದು ಗೆಳೆಯರ ತಕರಾರು. ನನಗೆ ಹಾಗನಿಸುವುದಿಲ್ಲ. ನಮ್ಮಲ್ಲಿ ಸೊಪ್ಪಿನ ಬೆಟ್ಟದ ಹಕ್ಕು ಇದೆ: ಅಡಿಕೆ ತೋಟದವರು ಸೊಪ್ಪು, ದರಕು (ಒಣಗಿದ ಎಲೆ) ತರಬಹುದು, ಜಾಗ ಮಾತ್ರ ಸರ್ಕಾರದ್ದು. ರೆಪೊಸಿಟರಿಯಲ್ಲೂ ಅಷ್ಟೇ, ಬರೆಯಲು ಬಿಟ್ಟ ಮಾತ್ರಕ್ಕೆ ಅದು ಅವರದಾಗುವುದಿಲ್ಲ. ಆದರೂ ಹೊರಗಿನವರಿಗೆ ‘ಅನುಮತಿ’ಯೇ ಸಲೀಸು ಅಂತ ಒಪ್ಪುತ್ತೇನೆ.

ಫೋರ್ಜೇಯೊದಲ್ಲಿ ಜೊತೆಗಾರರಿಗೆ ಮೂರು ಹಂತ: ಓದುವುದು, ಬರೆಯುವುದು, ಆಡಳಿತ. ನನ್ನ ಮುಖ್ಯ ಪ್ರಶ್ನೆ ಮೊದಲನೆಯದರ ಬಗ್ಗೆ. ‘ಓದಲು ಮಾತ್ರ’ ಎಂದು ಬರೆದರೆ, ತಾನು ಏನೂ ಕೊಡುವ ಹಾಗಿಲ್ಲ ಎಂದು ಹೊಸಬರು ಹಿಂದೆ ಸರಿಯುತ್ತಾರೆ. ಆದರೆ ಕವಲು ಮಾಡಿಕೊಂಡು ತಿದ್ದಿ ಕಳಿಸಲು ಓದುವ ಅನುಮತಿಯೇ ಸಾಕು. ಹಳ್ಳಿಯ ಹಿರಿಯರಿಂದ ಪದ ಕೇಳಿ ತರುವ ಹುಡುಗರು ಆ ‘ಮಾತ್ರ’ ನೋಡಿ ನಿಂತುಬಿಡಬಾರದು. ಬರೀ ‘ಓದಬಹುದು’ ಎಂದರೆ ಸಾಕೇ, ಅಥವಾ ‘ಓದಬಹುದು, ಕವಲು ಮಾಡಿಕೊಳ್ಳಬಹುದು’ ಎಂದು ಬಿಡಿಸಿ ಹೇಳಬೇಕೇ?