ಅಪ್ಪನ ಕೋವಿ ಉಳಿಸಿಕೊಳ್ಳಲೇ, ಹೊಸದು ಕೊಳ್ಳಲೇ? ಅನುಭವ ಇದ್ದವರು ಹೇಳಿ

ಪ್ರಶ್ನೆ

ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಅವರ ಹೆಸರಿನಲ್ಲಿ ಒಂದು ಹಳೆಯ ಜೋಡಿ ನಳಿಗೆ ಕೋವಿ ಇದೆ. ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸ್. ಈಗ ತೋಟ ನಾನೇ ನೋಡಿಕೊಳ್ಳಬೇಕು. ಬಾಳೆ, ಅಡಿಕೆ ಸಸಿ ಎಲ್ಲ ಕಾಡುಹಂದಿಯ ಪಾಲಾಗುತ್ತಿದೆ. ಅದೇ ಕೋವಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಾ, ಹೊಸದು ಕೊಳ್ಳಬೇಕಾ? ಕೊಂಡರೆ ಯಾವ ಕಂಪನಿಯದು ಒಳ್ಳೆಯದು? ಕಾನೂನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಲೆ ಕೆಟ್ಟುಹೋಗಿದೆ.

ಮಲೆನಾಡಿನ ಅಡಿಕೆ ಬೆಳೆಗಾರ

ಅಪ್ಪನ ವಿಷಯ ಕೇಳಿ ಬೇಸರವಾಯಿತು. ಕಂಪನಿ ಮಾತು ಆಮೇಲೆ. ಮೊದಲು ಹೇಳಿ, ಆ ಕೋವಿ ಈಗ ಎಲ್ಲಿದೆ? ಮನೆಯಲ್ಲೇ ಇದ್ದರೆ ನಾಳೆಯೇ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಡಿ. ತೋಟ, ಮನೆ ಮಗನಿಗೆ ಬಂದ ಹಾಗೆ ಕೋವಿ ಬರುವುದಿಲ್ಲ. ಲೈಸೆನ್ಸ್ ಇದ್ದದ್ದು ಅಪ್ಪನಿಗೆ. ಅವರು ಹೋದ ಮೇಲೆ ಅದು ನಿಮ್ಮ ಕೈಯಲ್ಲಿದ್ದರೆ ಲೈಸೆನ್ಸ್ ಇಲ್ಲದ ಕೋವಿಯೇ. 1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್ ತಡಮಾಡದೆ ಠೇವಣಿ ಇಡಿ ಅನ್ನುತ್ತದೆ.

ಇದು ಗೊತ್ತಿಲ್ಲದೆ ನಾವು ಪಟ್ಟ ಪಾಡು ಹೇಳುತ್ತೇನೆ. ನಮ್ಮ ಅಪ್ಪ ಹೋದಾಗ ಮಳೆಗಾಲ. ವರ್ಷಾಂತಿಕ ಮುಗಿಯಲಿ ಅಂತ ಕೋವಿಯನ್ನು ಎಂಟು ತಿಂಗಳು ಅಟ್ಟದಲ್ಲೇ ಇಟ್ಟೆವು. ಅರ್ಜಿ ಕೊಡಲು ಹೋದಾಗ ಕೇಳಿದ ಮೊದಲ ಪ್ರಶ್ನೆಯೇ "ಇಷ್ಟು ದಿನ ಯಾರ ಹತ್ತಿರ ಇತ್ತು?" ನನಗೆ ಬಾಯಿ ಕಟ್ಟಿಹೋಯಿತು. ವಿವರಣೆ ಬರೆದುಕೊಟ್ಟು, ಅಲೆದಾಡಿ, ಕೊನೆಗೆ ಆಯಿತು. ಆದರೆ ಆ ಭಯ ಯಾರಿಗೂ ಬೇಡ.

ಠೇವಣಿ ರಸೀದಿ ಸಿಕ್ಕಿದ ಮೇಲೆ ವಾರಸುದಾರ ಅಂತ ಅರ್ಜಿ ಹಾಕಿ. 2016ರ ಆಯುಧ ನಿಯಮಗಳಲ್ಲಿ ವಾರಸುದಾರರಿಗೇ ಬೇರೆ ದಾರಿ ಇದೆ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಇದ್ದರೆ ಅವರ ಒಪ್ಪಿಗೆ ಪತ್ರ ಮೊದಲೇ ಬರೆಸಿಕೊಳ್ಳಿ. ನನ್ನ ಅರ್ಜಿ ಎರಡು ತಿಂಗಳು ನಿಂತದ್ದು ಬೆಂಗಳೂರಿನಲ್ಲಿರುವ ತಂಗಿಯ ಸಹಿಗಾಗಿ. ಇನ್ನೂ ಒಂದು ವಿಷಯ ಇದೆ, ಇದನ್ನು ಓದುತ್ತಿರುವ ಬೇರೆಯವರಿಗಾಗಿ ಹೇಳುತ್ತೇನೆ. ಅಪ್ಪ ಬದುಕಿದ್ದಾಗಲೇ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ 25 ವರ್ಷ ಅವರ ಹತ್ತಿರ ಇದ್ದರೆ, ಮಕ್ಕಳ ಹೆಸರಿಗೆ ಮಾಡಿಸಲು ಕೇಳಬಹುದು. ಇದು ಎಷ್ಟೋ ಮನೆಯವರಿಗೆ ಗೊತ್ತೇ ಇಲ್ಲ.

ನಿಮ್ಮ ಹೆಸರಿನಲ್ಲಿ ಬೇರೆ ಕೋವಿ ಇದೆಯಾ? ಮೊದಲು ಒಬ್ಬರು ಮೂರು ಇಟ್ಟುಕೊಳ್ಳಬಹುದಿತ್ತು. 2019ರ ತಿದ್ದುಪಡಿಯ ನಂತರ ಎರಡೇ. ಹಿರಿಯರಿಂದ ಬಂದದ್ದೂ ಆ ಎರಡರ ಲೆಕ್ಕಕ್ಕೇ ಸೇರುತ್ತದೆ. ಲೈಸೆನ್ಸ್ ಅವಧಿ ಮೂರು ವರ್ಷ ಇದ್ದದ್ದು ಐದು ವರ್ಷ ಆದದ್ದೂ ಅದೇ ತಿದ್ದುಪಡಿಯಲ್ಲಿ. ನಿಮಗೆ ಒಬ್ಬೊಬ್ಬರು ಒಂದೊಂದು ಹೇಳಲು ಇದೇ ಕಾರಣ ಅಂತ ನನಗೆ ಅನಿಸುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರು ಲೈಸೆನ್ಸ್ ಮಾಡಿಸಿದ ಕಾಲದ ಕಾನೂನು ಹೇಳುತ್ತಿದ್ದಾರೆ.

ನಿವೃತ್ತ ಸೈನಿಕ, ಈಗ ಬ್ಯಾಂಕಿನಲ್ಲಿ ಕಾವಲು ಕೆಲಸ

ಕಂಪನಿ ಬಗ್ಗೆ ನಾನು ಹೇಳುತ್ತೇನೆ. ನಮ್ಮ ದೇಶದಲ್ಲಿ ಆಯ್ಕೆ ತುಂಬ ಇಲ್ಲ. ಸಾಮಾನ್ಯ ಜನ ಹೊರದೇಶದ ಕೋವಿ ತರಿಸುವುದು 1980ರ ದಶಕದಲ್ಲೇ ನಿಂತುಹೋಯಿತು. ದೊಡ್ಡ ಶೂಟಿಂಗ್ ಆಟಗಾರರಿಗೆ ಮಾತ್ರ ಅವಕಾಶ. ಅದಕ್ಕೇ ಹಳೆಯ ವಿದೇಶಿ ಕೋವಿಗೆ ಅಷ್ಟು ಬೆಲೆ. ಬೆಲೆ ಜಾಸ್ತಿ ಅಂದ ಮಾತ್ರಕ್ಕೆ ಅದು ನಿಮ್ಮ ತೋಟಕ್ಕೆ ಒಳ್ಳೆಯದು ಅಂತ ಅಲ್ಲ.

ಹೊಸದರಲ್ಲಿ ಜನ ಹೆಚ್ಚು ನಂಬುವುದು ಸರ್ಕಾರಿ ಆರ್ಡನೆನ್ಸ್ ಕಾರ್ಖಾನೆಯ ಮಾಲನ್ನು. 2021ರ ಅಕ್ಟೋಬರ್ 1ರಿಂದ ಆ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಮಾಡಿದ್ದಾರೆ. ಕೋವಿ, ರಿವಾಲ್ವರ್ ಮಾಡುವುದು ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಕಂಪನಿ. ಅಂಗಡಿಯವರು ಇನ್ನೂ ಹಳೆಯ ಹೆಸರೇ ಹೇಳುತ್ತಾರೆ, ಗಾಬರಿಯಾಗಬೇಡಿ. ಪಾಯಿಂಟ್ 315 ರೈಫಲ್ ಮತ್ತು 12 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಳತೆ) ಪಂಪ್ ಆಕ್ಷನ್, ಅಂದರೆ ಮುಂದಿನ ಹಿಡಿ ಹಿಂದಕ್ಕೆಳೆದು ತೋಟಾ (ಕಾರ್ಟ್ರಿಜ್) ತುಂಬುವ ಕೋವಿ, ಬರುವುದು ಬಂಗಾಳದ ಇಶಾಪುರದಿಂದ. ಪಾಯಿಂಟ್ 32 ರಿವಾಲ್ವರ್ ಕಾನ್ಪುರದ್ದು. ವೆಬ್ಲಿ ಅಂಡ್ ಸ್ಕಾಟ್ ಹೆಸರಿನ ರಿವಾಲ್ವರ್ ಉತ್ತರ ಪ್ರದೇಶದ ಸಂಡೀಲಾದಲ್ಲಿ ತಯಾರಾಗುತ್ತದೆ. ಇದನ್ನೆಲ್ಲ ಹೇಳಿದ್ದು ಮಾಹಿತಿಗೆ. ನಿಮಗೆ ಬೇಕಾದದ್ದು 12 ಬೋರ್ ಮಾತ್ರ.

ನನ್ನ ಕಾವಲು ಕೆಲಸಕ್ಕೆ ಮೊದಲು ಕೊಂಡದ್ದು ಒಂದು ಖಾಸಗಿ ಕಾರ್ಖಾನೆಯ ಜೋಡಿ ನಳಿಗೆ. ಹೆಸರು ಬೇಡ. ನೋಡಲು ಚೆಂದ, ಹಗುರ. ಎರಡನೇ ವರ್ಷಕ್ಕೇ ಹಾರಿಸಿದ ತೋಟಾ ಹೊರಗೆ ಬರಲಿಲ್ಲ, ಕಡ್ಡಿ ಹಾಕಿ ತಳ್ಳಬೇಕಾಯಿತು. ಮಾರಿ, ಇಶಾಪುರದ ಪಂಪ್ ತೆಗೆದುಕೊಂಡೆ. ಏಳು ವರ್ಷವಾಯಿತು, ತೊಂದರೆ ಇಲ್ಲ. ಆದರೂ ತೋಟದವರಿಗೆ ನಾನು ಪಂಪ್ ಹೇಳುವುದಿಲ್ಲ. ಜೋಡಿ ನಳಿಗೆಯನ್ನು ಸಂಧಿಯಲ್ಲಿ ಬಗ್ಗಿಸಿ ತೆರೆದು ಹಿಡಿದರೆ ಒಳಗೆ ತೋಟಾ ಇದೆಯೋ ಇಲ್ಲವೋ ಅಂತ ಎದುರಿಗಿರುವವನಿಗೂ ಕಾಣುತ್ತದೆ. ಕತ್ತಲಲ್ಲಿ, ಮಳೆಯಲ್ಲಿ, ಕೆಲಸದಾಳುಗಳು ಓಡಾಡುವ ಜಾಗದಲ್ಲಿ ಅದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ.

ಬೋರಿನ ಗೊಂದಲವೂ ಬಿಡಿಸುತ್ತೇನೆ. ಪಾಯಿಂಟ್ 303 ನಿಷೇಧ, ಪಾಯಿಂಟ್ 315 ಓಕೆ. ಪಾಯಿಂಟ್ 38 ನಿಷೇಧ, ಪಾಯಿಂಟ್ 32 ಓಕೆ. ಇದೇನು ಅರ್ಥವಿಲ್ಲದ ಲೆಕ್ಕ ಅಂತ ಜನ ಕೇಳುತ್ತಾರೆ. ಅರ್ಥ ಇದೆ. ಸೈನ್ಯ, ಪೊಲೀಸರ ತೋಟಾ ಯಾವುದರಲ್ಲಿ ಕೂರುತ್ತದೋ ಅದು ಜನರ ಕೈಗೆ ಹೋಗಬಾರದು. ಸರ್ಕಾರಿ ತೋಟಾ ಕಳುವಾದರೂ ಹೊರಗೆ ಹಾರಿಸಲು ಆಗಬಾರದು ಅಂತ.

ಕೋವಿ ರಿಪೇರಿ ಮಾಡುವ ಮನೆತನದವನು

ಹಳೆಯ ಕೋವಿ ಅಂದಿರಿ, ಯಾವ ಊರಿನದು ಅಂತ ಹೇಳಲಿಲ್ಲ. ಠೇವಣಿ ಇಡುವ ಅಂಗಡಿಯಲ್ಲೇ ಮುಂದಿನ ಮರದ ಹಿಡಿ ತೆಗೆಸಿ, ನಳಿಗೆಯ ಬುಡದ ಚಪ್ಪಟೆ ಜಾಗ ನೋಡಿ. ಅಲ್ಲಿ ಮುದ್ರೆಗಳಿರುತ್ತವೆ. ಅಂಡಾಕಾರದೊಳಗೆ ಇ ಎಲ್ ಜಿ ಅಂತ ಇದ್ದರೆ ಬೆಲ್ಜಿಯಂನ ಲೀಜ್ ಊರಿನದು. ಬರ್ಮಿಂಗ್‌ಹ್ಯಾಮ್ ಮುದ್ರೆ ಇದ್ದರೆ ಇಂಗ್ಲೆಂಡಿನದು. "ನೈಟ್ರೋ ಪ್ರೂಫ್" ಅಂತ ಇದ್ದರೆ ಹೊಗೆ ಇಲ್ಲದ ಈಗಿನ ಮದ್ದಿಗೆ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ನಳಿಗೆ ಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆಗಳಿದ್ದರೆ ಅದು ಡಮಾಸ್ಕಸ್ ನಳಿಗೆ. ದಯವಿಟ್ಟು ಅದರಲ್ಲಿ ಈಗಿನ ತೋಟಾ ಹಾಕಬೇಡಿ. ಗೋಡೆಗೆ ನೇತುಹಾಕಲು ಚೆಂದ, ಅಷ್ಟೇ.

ಮುಖ್ಯವಾದದ್ದು ಇನ್ನೊಂದಿದೆ, ಇದನ್ನು ಯಾರೂ ನೋಡುವುದಿಲ್ಲ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಮನೆ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್ ಇರುವುದು ಜಾಸ್ತಿ. ಈಗಿನ ತೋಟಾ ಸಾಮಾನ್ಯವಾಗಿ 70. ತಮಾಷೆ ಅಲ್ಲ, 70ರ ತೋಟಾ ಅದರೊಳಗೆ ಸಲೀಸಾಗಿ ಹೋಗುತ್ತದೆ. ಯಾಕೆಂದರೆ ತೋಟಾದ ಅಳತೆ ಹೇಳುವುದು ಹಾರಿಸಿ ಬಾಯಿ ಬಿಚ್ಚಿದ ಮೇಲಿನ ಉದ್ದ. ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗ ಇಲ್ಲದೆ ಒತ್ತಡ ಏರುತ್ತದೆ. ನಳಿಗೆ ಉಬ್ಬಿಸಿಕೊಂಡು ಬಂದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲರೂ "ಅಜ್ಜನ ಕಾಲದಿಂದ ಸರಿಯಿತ್ತು" ಅಂತಲೇ ಹೇಳಿದರು.

ಇದೆಲ್ಲ ಸರಿ ಇದ್ದರೆ, ಸಂಧಿಯಲ್ಲಿ ಅಲ್ಲಾಡದಿದ್ದರೆ, ಹಳೆಯದನ್ನೇ ಇಟ್ಟುಕೊಳ್ಳಿ. ಒಳ್ಳೆಯ ಬರ್ಮಿಂಗ್‌ಹ್ಯಾಮ್ ಕೋವಿಯ ಕೆಲಸ ಈಗ ಕಾಸು ಕೊಟ್ಟರೂ ಸಿಗುವುದಿಲ್ಲ. ರಿಪೇರಿಯನ್ನು ಮಾತ್ರ ಲೈಸೆನ್ಸ್ ಇರುವವರ ಹತ್ತಿರವೇ ಮಾಡಿಸಿ. ಕಂಡಕಂಡ ಕಮ್ಮಾರರ ಹತ್ತಿರ ಕೊಟ್ಟರೆ ಇಬ್ಬರ ಮೇಲೂ ಕೇಸು.

ದಕ್ಷಿಣ ಕನ್ನಡದ ಕೃಷಿಕ

ಚುನಾವಣೆ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೇ. 2023ರ ವಿಧಾನಸಭೆಗೆ ಒಮ್ಮೆ, 2024ರ ಲೋಕಸಭೆಗೆ ಒಮ್ಮೆ ಕೋವಿ ಠೇವಣಿ ಇಟ್ಟೆ. ಎರಡನೇ ಸಲ ವಾಪಸ್ ಬರುವಾಗ ನಳಿಗೆಯೊಳಗೆ ತುಕ್ಕು. ಎಲ್ಲರ ಕೋವಿಯನ್ನೂ ಕಣ್ಣು ಮುಚ್ಚಿ ಠೇವಣಿ ಇಡಿಸಬೇಕೆಂದಿಲ್ಲ. ಜಿಲ್ಲೆಯಲ್ಲಿ ಒಂದು ಪರಿಶೀಲನಾ ಸಮಿತಿ ಇರುತ್ತದೆ. ಬೆಳೆ ರಕ್ಷಣೆಗೆ ಬೇಕು ಅಂತ ಪಹಣಿ ಜೊತೆ ವಿನಾಯಿತಿ ಅರ್ಜಿ ಕೊಡಿ. ಸಿಗದಿದ್ದರೆ ಎಣ್ಣೆ ಹಚ್ಚಿ, ಫೋಟೊ ತೆಗೆದು, ಕೋವಿ ಹೇಗಿದೆ ಅಂತ ರಸೀದಿಯಲ್ಲೇ ಬರೆಸಿ ಕೊಡಿ.

ಕೊಡಗಿನ ಗೃಹಿಣಿ

"ಕೊಡಗಿನಲ್ಲಿ ಲೈಸೆನ್ಸೇ ಬೇಡವಂತೆ" ಅಂತ ಯಾರಾದರೂ ನಿಮಗೂ ಹೇಳಿರುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ. ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೆ. ಕೊಡಗಿನಲ್ಲಿ ತೋಟ ಕೊಂಡವರಿಗೆಲ್ಲ ಅಲ್ಲ. ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ನಮ್ಮಲ್ಲೂ ಜಿಲ್ಲಾಧಿಕಾರಿ ಕಚೇರಿಯ ವಿನಾಯಿತಿ ಪತ್ರ ಬೇಕು. ಕೈಲ್‌ಪೊಳ್ದ್ ಹಬ್ಬದ ದಿನ ತೋಕಿಗೆ (ಕೋವಿಗೆ) ಹೂ ಇಟ್ಟು ಪೂಜೆ ಮಾಡುತ್ತೇವೆ. ಅದು ನಮಗೆ ಮನೆಯ ಹಿರಿಯನ ಹಾಗೆ. ಹಾಗಂತ ಅದನ್ನು ಹಿಡಿದು ಕಾಡಿಗೆ ಬೇಟೆಗೆ ಹೋಗಲು ಯಾರಿಗೂ ಹಕ್ಕಿಲ್ಲ.

ಅಭಯಾರಣ್ಯದ ಅಂಚಿನ ಕಾಫಿ ಬೆಳೆಗಾರ

ಅಕ್ಕ ಹೇಳಿದ ಕೊನೆಯ ಮಾತನ್ನೇ ನಾನು ಮುಂದುವರಿಸುತ್ತೇನೆ. ಬೆಳೆ ರಕ್ಷಣೆಯ ಲೈಸೆನ್ಸ್ ಅಂದರೆ ಹಂದಿ ಹೊಡೆಯಲು ಅನುಮತಿ ಅಂತ ನಮ್ಮ ಅರ್ಧ ಊರು ನಂಬಿದೆ. ತಪ್ಪು. ಕೋವಿಗೆ ಒಂದು ಕಾಯ್ದೆ, ಪ್ರಾಣಿಗೆ ಇನ್ನೊಂದು. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲೂ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಆದೇಶ ಬೇಕು. ನಮ್ಮ ಪಕ್ಕದ ಹುಡುಗನೊಬ್ಬ ಕೈಯಲ್ಲಿ ಲೈಸೆನ್ಸ್ ಹಿಡಿದುಕೊಂಡೇ ಜೈಲಿಗೆ ಹೋದ. ಅವನ ತಾಯಿಯ ಮುಖ ಇವತ್ತಿಗೂ ಮರೆಯಲಾಗುವುದಿಲ್ಲ.

ನಿಮ್ಮ ತೋಟ ಯಾವುದಾದರೂ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿದೆಯಾ ಅಂತ ಮೊದಲು ನೋಡಿ. ಇದ್ದರೆ ಕೋವಿಯನ್ನು ಅರಣ್ಯ ಇಲಾಖೆಯಲ್ಲೂ ನೋಂದಾಯಿಸಬೇಕು. ಹೊಸ ಲೈಸೆನ್ಸ್ ಆದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಕೊಡುವಂತಿಲ್ಲ. ನನ್ನ ಅರ್ಜಿ ಒಂದೂವರೆ ವರ್ಷ ಯಾಕೆ ಅಲುಗಾಡಲಿಲ್ಲ ಅಂತ ಗೊತ್ತಾದದ್ದೇ ಆಮೇಲೆ. ಒಂದು ಕಚೇರಿಯವರಾದರೂ ಮೊದಲೇ ಹೇಳಬಹುದಿತ್ತು, ಅಲ್ವಾ?

ನಾನು ಕೋವಿ ಬಳಸುವುದು ಸದ್ದಿಗೆ ಮಾತ್ರ. ಎತ್ತರದ ದಿಬ್ಬದ ಮಣ್ಣಿಗೆ ಒಂದು ಈಡು ಹಾರಿಸಿದರೆ ನಾಲ್ಕು ದಿನ ಹಂದಿ ಬರುವುದಿಲ್ಲ. ಐದನೇ ದಿನ ಬರುತ್ತದೆ. ನಿಜ ಹೇಳಬೇಕೆಂದರೆ ತೋಟ ಉಳಿಸಿದ್ದು ಸೋಲಾರ್ ಬೇಲಿ.

ಕೇಳಿದವರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಕೋವಿ ಮನೆಯಲ್ಲೇ ಇತ್ತು. ಇವತ್ತು ಠಾಣೆಗೆ ತಿಳಿಸಿ ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ತಂದೆ. ಮರದ ಹಿಡಿ ತೆಗೆಸಿ ನೋಡಿದೆವು. ಬರ್ಮಿಂಗ್‌ಹ್ಯಾಮ್ ಮುದ್ರೆ, ನೈಟ್ರೋ ಪ್ರೂಫ್ ಇದೆ. ತೋಟಾ ಮನೆ 65 ಮಿಲಿಮೀಟರ್. ಅಪ್ಪನ ಪೆಟ್ಟಿಗೆಯಲ್ಲಿ ಉಳಿದ ತೋಟಾ ಎಲ್ಲ 70ರವು. ಇಷ್ಟು ವರ್ಷ ಅಪ್ಪ ಅದನ್ನೇ ಹಾರಿಸುತ್ತಿದ್ದರು ಅಂತ ಯೋಚಿಸಿ ಕೈ ನಡುಗಿತು. ಅಭಯಾರಣ್ಯ ನಮಗೆ ದೂರ. ಅಕ್ಕನ ಒಪ್ಪಿಗೆ ಪತ್ರ ನಾಳೆ ಬರುತ್ತದೆ. 65ರ ತೋಟಾ ಯಾರಾದರೂ ಈಚೆಗೆ ಕೊಂಡಿದ್ದರೆ ಯಾವ ಜಿಲ್ಲೆಯಲ್ಲಿ ಸಿಕ್ಕಿತು ಅಂತ ಹೇಳಿ.

ಕೋವಿ ರಿಪೇರಿ ಮಾಡುವ ಮನೆತನದವನು

ಲೈಸೆನ್ಸ್ ನಿಮ್ಮ ಹೆಸರಿಗೆ ಬರುವ ಮೊದಲು ತೋಟಾ ಹುಡುಕಬೇಡಿ, ಕೊಡಲೂ ಬಾರದು. ಪೆಟ್ಟಿಗೆಯಲ್ಲಿದ್ದ ತೋಟಾಗಳನ್ನೂ ಠೇವಣಿ ಇಟ್ಟಿರಾ? ಅವೂ ಲೈಸೆನ್ಸ್ ಲೆಕ್ಕದಲ್ಲೇ ಬರುತ್ತವೆ. ಇಟ್ಟಿರದಿದ್ದರೆ ಎಣಿಸಿಕೊಂಡು ಇವತ್ತು ಸಂಜೆಯೊಳಗೇ ಕೊಟ್ಟುಬಿಡಿ, ರಸೀದಿಯಲ್ಲಿ ಸಂಖ್ಯೆ ಬರೆಸಿ.