ನಲ್ಲಿ ನೀರಿನ ಕ್ಲೋರಿನ್ ವಾಸನೆ ಮತ್ತು ಟ್ರೈಹ್ಯಾಲೋಮೀಥೇನ್: ಎಷ್ಟು ಹೆದರಬೇಕು?

ಬನಶಂಕರಿ ನಿವಾಸಿ (ಪ್ರಶ್ನೆ):
ಮಳೆಗಾಲ ಆರಂಭವಾದಂದಿನಿಂದ ನಮ್ಮ ಕಾವೇರಿ ನೀರಿನಲ್ಲಿ ಕ್ಲೋರಿನ್ ವಾಸನೆ ಜೋರಾಗಿದೆ. ಬೆಳಗ್ಗೆ ಹಿಡಿದಿಟ್ಟ ಕೊಡದ ಮುಚ್ಚಳ ತೆಗೆದರೆ ಅಡುಗೆಮನೆಯೆಲ್ಲ ಹರಡುತ್ತದೆ. ಕ್ಲೋರಿನ್‌ನಿಂದ ಟ್ರೈಹ್ಯಾಲೋಮೀಥೇನ್‌ಗಳು ಹುಟ್ಟಿ ಕ್ಯಾನ್ಸರ್ ತರುತ್ತವೆಂದು ಓದಿದ ಮನೆಯವರು ಇನ್ನು ಬೋರ್‌ವೆಲ್ ನೀರನ್ನೇ ಕುಡಿಯೋಣ ಎನ್ನುತ್ತಿದ್ದಾರೆ. ವಾಸನೆ ಹೆಚ್ಚಿದ್ದರೆ ಅಪಾಯವೂ ಹೆಚ್ಚೇ?

ರಸಾಯನಶಾಸ್ತ್ರ ಅಧ್ಯಾಪಕ:
ವಾಸನೆಯಿಂದ ಅದನ್ನು ಅಳೆಯಲಾಗದು. ನೀವು ಮೂಸುತ್ತಿರುವುದು ಬಹುಮಟ್ಟಿಗೆ ಉಳಿಕೆ ಕ್ಲೋರಿನ್, ಅಂದರೆ ಶುದ್ಧೀಕರಣದ ನಂತರವೂ ನೀರಿನಲ್ಲಿ ಉಳಿದ ಕ್ಲೋರಿನ್. ಟ್ರೈಹ್ಯಾಲೋಮೀಥೇನ್‌ಗಳು ಹುಟ್ಟುವುದು ಆ ಕ್ಲೋರಿನ್ ನೀರಿನಲ್ಲಿರುವ ಕೊಳೆತ ಎಲೆ, ಪಾಚಿಯಂತಹ ಸಾವಯವ ಅಂಶದೊಂದಿಗೆ ವರ್ತಿಸಿದಾಗ. ಹಾಗಾಗಿ ಕ್ಲೋರಿನ್ ಪೂರ್ತಿ ಖರ್ಚಾಗಿ ವಾಸನೆಯೇ ಇಲ್ಲದ ನೀರಿನಲ್ಲೂ ಅವು ಇರಬಹುದು. ನೀರು ಬೆಚ್ಚಗಿದ್ದಷ್ಟೂ, ಕ್ಲೋರಿನ್ ಜೊತೆ ಹೆಚ್ಚು ಹೊತ್ತು ನಿಂತಷ್ಟೂ ಅವು ಹೆಚ್ಚುತ್ತವೆ. 1974ರಲ್ಲಿ ನೆದರ್‌ಲ್ಯಾಂಡ್ಸ್‌ನ ಯೋಹಾನೆಸ್ ರೂಕ್, ಕ್ಲೋರಿನ್‌ನಿಂದ ಇವು ಹುಟ್ಟುತ್ತವೆಂಬುದನ್ನು ಮೊದಲು ತೋರಿಸಿಕೊಟ್ಟವರಲ್ಲಿ ಒಬ್ಬರು. ಈ ಗುಂಪಿನಲ್ಲಿ ಮುಖ್ಯವಾದವು ನಾಲ್ಕು; ಅವುಗಳಲ್ಲಿ, ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ, ಲೀಟರಿಗೆ ಕ್ಲೋರೋಫಾರ್ಮ್ 200 ಮೈಕ್ರೋಗ್ರಾಂ, ಬ್ರೋಮೋಡೈಕ್ಲೋರೋಮೀಥೇನ್ 60 ಮೈಕ್ರೋಗ್ರಾಂ ಮೀರಬಾರದು. ಅಮೆರಿಕದಲ್ಲಿ ನಾಲ್ಕೂ ಸೇರಿ ವಾರ್ಷಿಕ ಸರಾಸರಿಯ ಮಿತಿ 80 ಮೈಕ್ರೋಗ್ರಾಂ. ದಶಕಗಳ ಕಾಲ ಹೆಚ್ಚು ಪ್ರಮಾಣಕ್ಕೆ ಒಡ್ಡಿಕೊಂಡವರಲ್ಲಿ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚು ಕಂಡಿದೆಯೆಂಬುದು ನಿಜ, ಆದರೆ ಕಾಲರಾ, ಟೈಫಾಯ್ಡ್‌ಗಳಿಗೆ ದಶಕಗಳು ಬೇಕಿಲ್ಲ. ಚರಂಡಿ ಬಸಿದ ಬೋರ್‌ವೆಲ್ ನೀರನ್ನು ಪರೀಕ್ಷಿಸದೆ ಕುಡಿಯುವುದು ನನ್ನ ಮಟ್ಟಿಗೆ ಕೆಟ್ಟ ವ್ಯಾಪಾರ.

ನೀರು ಸರಬರಾಜಿನ ನಿವೃತ್ತ ನೌಕರ:
ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ಕಾವೇರಿ ನೀರನ್ನು ಶುದ್ಧೀಕರಿಸುವ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್; ಅಷ್ಟು ದೂರ ಕೊಳವೆಯಲ್ಲಿ ಬರುವ ನೀರಿಗೆ ಉಳಿಕೆ ಕ್ಲೋರಿನ್ ಬೇಕೇ ಬೇಕು, ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಕಡಿಮೆ ಮಾಡಬೇಕಾದದ್ದು ಕ್ಲೋರಿನ್ನನ್ನಲ್ಲ, ಅದಕ್ಕೆ ಮೊದಲು ಆಲಂ ಹಾಕಿ ಕೆಸರಿನೊಂದಿಗೆ ಸಾವಯವ ಅಂಶವನ್ನು ತಳಕ್ಕಿಳಿಸುವ ಕೆಲಸ ಸರಿಯಾಗಬೇಕು. ಮಳೆಗಾಲದ ಕೆಂಪು ನೀರಿನಲ್ಲಿ ಸವಾಲಿರುವುದೇ ಅಲ್ಲಿ.

ರಸಾಯನಶಾಸ್ತ್ರ ಅಧ್ಯಾಪಕ:
ಮನೆಯಲ್ಲಿ ಮುಚ್ಚಳ ತೆರೆದು ಕೆಲವು ನಿಮಿಷ ಕುದಿಸಿದರೆ ಟ್ರೈಹ್ಯಾಲೋಮೀಥೇನ್‌ಗಳು ಬಹುಪಾಲು ಹಾರಿಹೋಗುತ್ತವೆ, ಏಕೆಂದರೆ ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದಿಯುತ್ತದೆ. ಕಿಟಕಿ ಮಾತ್ರ ತೆರೆದಿರಲಿ. ಕ್ಲೋರಿನ್‌ನಿಂದಲೇ ಹುಟ್ಟುವ ಇನ್ನೊಂದು ಗುಂಪಾದ ಹ್ಯಾಲೋಅಸಿಟಿಕ್ ಆಮ್ಲಗಳು ಹಾಗೆ ಹಾರುವುದಿಲ್ಲ, ಅವುಗಳಿಗೆ ಕಾರ್ಬನ್ ಫಿಲ್ಟರ್ ಬೇಕು, ಅದನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ಸಂಪ್ ತೊಳೆಸಿ ಎಷ್ಟು ದಿನವಾಯಿತು?

ಬನಶಂಕರಿ ನಿವಾಸಿ:
ನಿನ್ನೆ ಮುಚ್ಚಳ ಎತ್ತಿಸಿದೆವು. ತಳದಲ್ಲಿ ಎರಡು ಬೆರಳು ದಪ್ಪ ಕಪ್ಪು ಕೆಸರು, ಮೂಲೆಯಲ್ಲಿ ಹೊಂಗೆ ಎಲೆಗಳು. ಭಾನುವಾರ ತೊಳೆಯುವವರು ಬರುತ್ತಾರೆ. ಬೋರ್‌ವೆಲ್ ಮಾತು ಸದ್ಯಕ್ಕೆ ನಿಂತಿದೆ.