ಇನ್ನು ಆರು ದಿನ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ರಾತ್ರಿ ನಡೆದ ಮಾತು ಇದು. ಎಲ್ಲರ ಒಪ್ಪಿಗೆ ಪಡೆದೇ ಹಾಕುತ್ತಿದ್ದೇನೆ. ಹೆಸರುಗಳನ್ನು ತೆಗೆದು, ನಾನು ಅವರನ್ನು ಕರೆಯುವ ಸಂಬಂಧವನ್ನಷ್ಟೇ ಉಳಿಸಿದ್ದೇನೆ. ನನ್ನ ಹುಟ್ಟುಹಬ್ಬಕ್ಕೆ ಎಲ್ಲರೂ ದುಡ್ಡು ಹಾಕಿ ಒಂದು ಟ್ಯಾಂಡೆಮ್ ಸ್ಕೈಡೈವ್ ಕೊಡಿಸಿದ್ದರು, ಅಂದರೆ ತರಬೇತುದಾರನ ಮೈಗೆ ಬಿಗಿದುಕೊಂಡು ವಿಮಾನದಿಂದ ಪ್ಯಾರಾಚೂಟಿನಲ್ಲಿ ಹಾರುವುದು. ಅಕ್ಕ ನಾಲ್ಕು ವರ್ಷದಿಂದ ಹಾರುತ್ತಿದ್ದಾಳೆ, 200ಕ್ಕೂ ಹೆಚ್ಚು ಜಂಪ್ ಆಗಿವೆ. ಭಾವ ಒಮ್ಮೆಯೂ ಹಾರಿದವರಲ್ಲ.

ರಾತ್ರಿ 8:04

ದೊಡ್ಡಪ್ಪ: [ವಿಡಿಯೊ, 1 ನಿಮಿಷ 10 ಸೆಕೆಂಡ್]

ದೊಡ್ಡಪ್ಪ: ಎಲ್ಲರೂ ನೋಡಿ. ವಿಮಾನದ ಬಾಗಿಲವರೆಗೆ ಹೋದ ಹುಡುಗಿ ತಲೆಯಾಡಿಸಿ ವಾಪಸ್ಸು ಬಂದು ಕುಳಿತಳು. ಅದಕ್ಕೆ ಸುತ್ತಲಿದ್ದವರೆಲ್ಲ ಚಪ್ಪಾಳೆ! ಹಿಂಜರಿದವರಿಗೂ ಚಪ್ಪಾಳೆ ತಟ್ಟಿದರೆ ಧೈರ್ಯಕ್ಕೆ ಬೆಲೆ ಎಲ್ಲಿ ಉಳಿಯಿತು? ನಮ್ಮ ಹುಡುಗ ಹೀಗೆ ಮಾಡುವವನಲ್ಲ. ಇನ್ನು ಆರು ದಿನ!

ಅಣ್ಣ: ಹೆದರಿಕೆ ಇರುವುದು ಮೊದಲ ಎರಡು ಸೆಕೆಂಡ್ ದೊಡ್ಡಪ್ಪ. ಹಿಂದಿನಿಂದ ಯಾರಾದರೂ ಮೆಲ್ಲಗೆ ತಳ್ಳಿದ್ದರೆ ಅವಳು ಈಗ ಖುಷಿಯಲ್ಲಿ ಕುಣಿಯುತ್ತಿದ್ದಳು.

ಅಕ್ಕ: ತಳ್ಳುವ ಮಾತು ಬೇಡ ಅಣ್ಣ.

ಅಕ್ಕ: ಆ ಹುಡುಗಿಯದು ಟ್ಯಾಂಡೆಮ್ ಅಲ್ಲ. ಸ್ವತಃ ಹಾರಲು ಕಲಿಯುತ್ತಿರುವವಳು. ಎರಡೂ ಪಕ್ಕದಲ್ಲಿ ಅವಳ ಪಟ್ಟಿ ಹಿಡಿದಿರುವವರು ತರಬೇತುದಾರರು. ಬಾಗಿಲಿನಿಂದ ಹೊರಬಿದ್ದ ಕೂಡಲೇ ಸೊಂಟ ಮುಂದಕ್ಕೆ ಚಾಚಿ, ಕೈಕಾಲು ಹಿಂದಕ್ಕೆ ಬಿಟ್ಟು, ಮೈಯನ್ನು ಬಿಲ್ಲಿನಂತೆ ಬಾಗಿಸಬೇಕು. ಶಟಲ್‌ಕಾಕನ್ನು ಹೇಗೆ ಎಸೆದರೂ ಬುಡ ಕೆಳಗಾಗಿಯೇ ಬೀಳುತ್ತದಲ್ಲ, ಹಾಗೆ. ಹೆದರಿದ ಮೈ ಇದಕ್ಕೆ ತೀರಾ ವಿರುದ್ಧವಾಗಿ ಮುದುಡಿಕೊಳ್ಳುತ್ತದೆ. ಮುದುಡಿದ ಮೈ ಗಾಳಿಯಲ್ಲಿ ಉರುಳುತ್ತದೆ. ಉರುಳುತ್ತಿರುವಾಗ ಪ್ಯಾರಾಚೂಟ್ ಬಿಚ್ಚಿದರೆ ಹಗ್ಗಗಳು ತಿರುಚಿಕೊಳ್ಳುತ್ತವೆ. ಹಿಡಿದಿರುವ ಇಬ್ಬರಿಗೂ ಅಪಾಯ. ಅವಳು ಬೇಡ ಎಂದದ್ದರಿಂದ ಮೂವರೂ ಬಚಾವಾದರು. ಚಪ್ಪಾಳೆ ಅದಕ್ಕೆ.

ಚಿಕ್ಕಮ್ಮ: ನನಗೆ ಆ ಚಪ್ಪಾಳೆಯೂ ಬೇಡ, ಆ ವಿಮಾನವೂ ಬೇಡ. ದುಡ್ಡು ಸೇರಿಸುವಾಗಲೇ ಕೈಗಡಿಯಾರ ಕೊಡಿಸೋಣ ಎಂದಿದ್ದೆ. ಯಾರು ಕೇಳಿದಿರಿ? ಬೆನ್ನ ಮೇಲಿನ ಒಂದು ಬಟ್ಟೆಯ ಗಂಟನ್ನು ನಂಬಿ ಮಗುವನ್ನು ಕಳಿಸುತ್ತಿದ್ದೀರಿ.

ಅಕ್ಕ: ಒಂದಲ್ಲ ಚಿಕ್ಕಮ್ಮ, ಎರಡು ಪ್ಯಾರಾಚೂಟ್ ಇರುತ್ತವೆ. ಎರಡನೆಯದನ್ನು, ಅಂದರೆ ರಿಸರ್ವನ್ನು, ಅದಕ್ಕೆಂದೇ ಪರವಾನಗಿ ಪಡೆದವರು ಮಡಚುತ್ತಾರೆ. ತರಬೇತುದಾರನಿಗೆ ಎಚ್ಚರ ತಪ್ಪಿದರೂ ಒಳಗಿರುವ ಸಣ್ಣ ಯಂತ್ರ ಎತ್ತರವನ್ನೂ ವೇಗವನ್ನೂ ಅಳೆದು ರಿಸರ್ವನ್ನು ತಾನೇ ಬಿಚ್ಚಿಸುತ್ತದೆ. ಜರ್ಮನಿಯಿಂದ ಸೈಪ್ರೆಸ್ ಎಂಬ ಯಂತ್ರ ಬಂದದ್ದು 1991ರಲ್ಲಿ. ಅದು ಉಳಿಸಿದ ಜೀವಗಳು ಒಂದೆರಡಲ್ಲ. ಟ್ಯಾಂಡೆಮ್‌ನಲ್ಲಿ ಇವನನ್ನು ತರಬೇತುದಾರನ ಎದೆಗೆ ನಾಲ್ಕು ಕಡೆ ಕೊಕ್ಕೆ ಹಾಕಿ ಬಿಗಿದಿರುತ್ತಾರೆ, ಭುಜಕ್ಕೆ ಎರಡು, ಸೊಂಟಕ್ಕೆ ಎರಡು. ಅಮೆರಿಕದ ಪ್ಯಾರಾಚೂಟ್ ಸಂಘದ ಲೆಕ್ಕದಲ್ಲಿ 2023ರಲ್ಲಿ ಸುಮಾರು 36 ಲಕ್ಷ ಜಂಪ್ ಆದವು, ಸತ್ತವರು 10 ಜನ.

ಚಿಕ್ಕಮ್ಮ: ಆ ಹತ್ತು ಜನರ ಮನೆಯಲ್ಲೂ ಹೀಗೆಯೇ ಲೆಕ್ಕ ಹೇಳಿರುತ್ತಾರೆ.

ರಾತ್ರಿ 8:31

ಭಾವ: ಚಿಕ್ಕಮ್ಮ ಹೇಳಿದ್ದನ್ನು ನಾನು ಪಕ್ಕಕ್ಕೆ ಸರಿಸಲಾರೆ. ನನ್ನ ತಕರಾರು ಉಪಕರಣದ ಮೇಲಲ್ಲ. ಸರಿಯಾಗಿ ಅರಳದ ಪ್ಯಾರಾಚೂಟನ್ನು ತಟ್ಟನೆ ಕಳಚಿಬಿಡುವ ಮೂರು ಉಂಗುರಗಳ ವ್ಯವಸ್ಥೆಯನ್ನು ರೂಪಿಸಿದ ಬಿಲ್ ಬೂತ್ ಅವರದೇ ಒಂದು ಮಾತಿದೆ: ಉಪಕರಣ ಎಷ್ಟು ಸುರಕ್ಷಿತವಾಗುತ್ತದೋ ಹಾರುವವರು ಅಷ್ಟೇ ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆ ಎಂದು. ಪ್ಯಾರಾಚೂಟ್ ಚೆನ್ನಾಗಿ ಅರಳಿದ ಮೇಲೆಯೂ ಸಾಯುವವರಿದ್ದಾರೆ. ನೆಲದ ಹತ್ತಿರ ಜೋರಾಗಿ ತಿರುವು ಹೊಡೆಯಲು ಹೋಗಿ. ಏಕೆ ಹೊಡೆಯುತ್ತಾರೆ? ನಾನು ಅಲ್ಲಿ ನಿಂತು ನೋಡಿದ್ದೇನೆ. ಸಣ್ಣ ಪ್ಯಾರಾಚೂಟಿನಲ್ಲಿ ರಭಸದಿಂದ ಬಂದು ಹುಲ್ಲು ಸವರಿಕೊಂಡು ಇಳಿದವನಿಗೆ ಶಿಳ್ಳೆ, ಕೇಕೆ. ದೊಡ್ಡ ಪ್ಯಾರಾಚೂಟಿನಲ್ಲಿ ಮೆಲ್ಲಗೆ ಬಂದು ಎರಡು ಕಾಲ ಮೇಲೆ ನಿಂತವನ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಇದು ಗೆಳೆತನ ಅನ್ನುವುದಾದರೆ ಆ ಗೆಳೆತನಕ್ಕೆ ನಾನು ಹೆದರುತ್ತೇನೆ.

ಭಾವ: ವಿಮಾನಕ್ಕೆ 14 ಜನ ಹತ್ತಿದರೆ ನಾನು ಕೆಳಗೆ ನಿಂತು 14 ಪ್ಯಾರಾಚೂಟ್ ಎಣಿಸುತ್ತೇನೆ. ಕಣ್ಣಿಗೆ ಕಾಣುವ ಮೊದಲೇ ಸದ್ದು ಬರುತ್ತದೆ, ಒದ್ದೆ ಬಟ್ಟೆಯನ್ನು ಜೋರಾಗಿ ಒದರಿದ ಹಾಗೆ. ಒಂದು ದಿನ 13ಕ್ಕೆ ನಿಂತುಹೋಯಿತು. ಮತ್ತೆ ಎಣಿಸಿದೆ. 13. ಹದಿನಾಲ್ಕನೆಯದು ಮರಗಳ ಆಚೆ, ಬೇರೆಯವರ ಜಾಗದಲ್ಲಿ ಇಳಿದಿತ್ತು. ಅದು ಇವಳದು. ಆ ದಿನದ ಬಗ್ಗೆ ಇವಳೇ ಹೇಳಲಿ.

ಅಮ್ಮ: ಯಾವ ದಿನ?

ರಾತ್ರಿ 8:47

ಅಕ್ಕ: ಹೇಳುತ್ತೇನೆ ಅಮ್ಮ.

ಅಕ್ಕ: ಅದು ನನ್ನ 31ನೆಯ ಜಂಪ್. ಆಗಷ್ಟೇ 25 ದಾಟಿ, ತರಬೇತುದಾರರಿಲ್ಲದೆ ಹಾರಲು ಬೇಕಾದ ಮೊದಲ ಪರವಾನಗಿ, ಎ ಪರವಾನಗಿ, ಸಿಕ್ಕಿತ್ತು. ಬೆಳಿಗ್ಗೆಯಿಂದ ಗಾಳಿ ಏರುತ್ತಿತ್ತು. ಗಾಳಿಯ ದಿಕ್ಕು ತೋರಿಸುವ ಕಂಬದ ಮೇಲಿನ ಬಟ್ಟೆಯ ಚೀಲ ನೆಟ್ಟಗೆ ನಿಂತು ಪಟಪಟ ಹೊಡೆದುಕೊಳ್ಳುತ್ತಿತ್ತು. ನನಗೆ ಮನಸ್ಸಿರಲಿಲ್ಲ. ವಿಮಾನದಲ್ಲಿ ಒಂದು ಜಾಗ ಖಾಲಿ ಇತ್ತು, ಜತೆಯವರು "ಬಾ, ನಾವೆಲ್ಲ ಇದ್ದೇವಲ್ಲ" ಎಂದರು. ಕೆಟ್ಟ ಉದ್ದೇಶದಿಂದ ಅಂದವರಲ್ಲ, ಪ್ರೀತಿಯಿಂದಲೇ ಕರೆದರು. ಆ ಪ್ರೀತಿಗೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಇಳಿಯುವಾಗ ಗಾಳಿ ನನ್ನನ್ನು ಮರಗಳ ಆಚೆ ಒಯ್ದಿತು. ಉಬ್ಬುತಗ್ಗು ನೆಲ. ಬಲಗಾಲು ಕೆಳಗೆ ಸಿಕ್ಕಿಕೊಂಡಿತು.

ಅಮ್ಮ: ಮೆಟ್ಟಿಲು ಜಾರಿ ಬಿದ್ದೆ ಎಂದಿದ್ದೆಯಲ್ಲ?

ಅಕ್ಕ: ಸುಳ್ಳು ಹೇಳಿದೆ ಅಮ್ಮ. ತಪ್ಪಾಯಿತು.

ಅಮ್ಮ: ಆರು ವಾರ ಪ್ಲಾಸ್ಟರ್ ಹಾಕಿಕೊಂಡಿದ್ದೆ. ನಾನು ದಿನಾ ಆ ಮೆಟ್ಟಿಲನ್ನು ಬೈಯುತ್ತಿದ್ದೆ.

ಚಿಕ್ಕಮ್ಮ: ಕೇಳಿದಿರಾ ಎಲ್ಲರೂ? ಇದಕ್ಕೇ ನಾನು ಹೇಳುವುದು.

ಅಣ್ಣ: ಒಂದು ಕಾಲು ಉಳುಕಿದ್ದಕ್ಕೆ ಇಷ್ಟು ದೊಡ್ಡ ಮಾತು ಬೇಡ. ಗೆಳೆಯರು ಹುರಿದುಂಬಿಸದಿದ್ದರೆ ಯಾರು ತಾನೇ ಮೊದಲ ಸಲ ಹಾರುತ್ತಾರೆ?

ಅಕ್ಕ: ಉಳುಕಿದ್ದಲ್ಲ, ಮುರಿದದ್ದು. ಗೆಳೆಯರ ಮಾತಿಗೆ ಎಷ್ಟು ಶಕ್ತಿ ಇದೆ ಎಂದು ತಿಳಿದದ್ದೇ ಅಂದು. ನನ್ನ ಮೇಲೆ ಅದು ಎರಡೂ ಕಡೆ ಕೆಲಸ ಮಾಡಿದೆ, ಅದಕ್ಕೇ ನಾನು ಇವರ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಇನ್ನೊಂದನ್ನೂ ಕೇಳಿ. ಪ್ಲಾಸ್ಟರ್ ತೆಗೆದು ಮತ್ತೆ ಹಾರಲು ಶುರುಮಾಡಿದ್ದೆ. ವಿಮಾನ ಮೇಲೇರುತ್ತಿತ್ತು. ಎದುರಿಗೆ ಕುಳಿತಿದ್ದವರಿಗೆ 2,000ಕ್ಕೂ ಹೆಚ್ಚು ಜಂಪ್ ಆಗಿವೆ, ನನಗೆ ಕಲಿಸಿದವರಿಗೇ ಕಲಿಸಿದವರು. ಅವರ ಎದೆಪಟ್ಟಿಯ ಮೇಲೆ ನನ್ನ ಕಣ್ಣು ಬಿತ್ತು. ಪಟ್ಟಿಯ ತುದಿ ಬಕಲಿನ ಅಡ್ಡಕಂಬಿಯನ್ನು ಸುತ್ತಿ ವಾಪಸ್ಸು ಬರಬೇಕು. ಸುತ್ತದೆ ಸುಮ್ಮನೆ ತೂರಿಕೊಂಡು ಹೋಗಿತ್ತು. ನೋಡಲು ಬಿಗಿಯಾಗಿಯೇ ಕಾಣುತ್ತದೆ. ಪ್ಯಾರಾಚೂಟ್ ಅರಳುವಾಗಿನ ಜಗ್ಗಿಗೆ ಅದು ಜಾರಿ ಬಿಚ್ಚಿಕೊಳ್ಳುತ್ತದೆ. ನನ್ನಂಥವಳು ಹೇಗೆ ಹೇಳಲಿ ಎಂದು ಒಂದು ಗಳಿಗೆ ನಾಲಿಗೆ ಕಟ್ಟಿತು. ಬೆರಳು ತೋರಿಸಿದೆ. ಅವರು ತಲೆ ಬಗ್ಗಿಸಿ ನೋಡಿ, ಮುಖ ಬಿಳಿಚಿ, ಪಟ್ಟಿಯನ್ನು ಪೂರ್ತಿ ಎಳೆದು ಹೊಸದಾಗಿ ಹಾಕಿಕೊಂಡರು. ಆಮೇಲೆ ನನಗೆ ಬೆನ್ನು ತಿರುಗಿಸಿ "ಪಿನ್ನನ್ನೂ ನೀನೇ ನೋಡು" ಎಂದರು. ಚೀಲದ ಮುಚ್ಚಳ ಎತ್ತಿ ನೋಡಿದೆ. ಚೀಲ ತೆರೆಯದಂತೆ ಹಿಡಿದಿಡುವ ಬಾಗಿದ ಸಣ್ಣ ಪಿನ್ನು ದಾರದ ಕುಣಿಕೆಯಲ್ಲಿ ಸರಿಯಾಗಿ ಕುಳಿತಿತ್ತು. ಬೆನ್ನು ತಟ್ಟಿ ಸರಿ ಎಂದೆ. ನಾನು ಅಲ್ಲಿಗೆ ಹೋಗುವುದು ಈ ಗೆಳೆತನಕ್ಕೆ. ಅದಿಲ್ಲದಿದ್ದರೆ ಕಾಲು ಮುರಿದ ದಿನವೇ ಬಿಟ್ಟುಬಿಡುತ್ತಿದ್ದೆ.

ದೊಡ್ಡಪ್ಪ: ಅದೆಲ್ಲ ಒಪ್ಪಿದೆ ಮಗಳೇ. ಆದರೆ ಮನುಷ್ಯನಿಗೆ ಹಿಂದೆ ನಿಂತು "ನಿನ್ನಿಂದ ಆಗುತ್ತದೆ" ಎನ್ನುವವರು ಬೇಕು. ಬಾಹ್ಯಾಕಾಶದ ಅಂಚಿನಿಂದ ಒಬ್ಬ ಹಾರಿದನಲ್ಲ, ಅವನನ್ನೂ ಯಾರೋ ಹುರಿದುಂಬಿಸಿಯೇ ಕಳಿಸಿದ್ದು.

ರಾತ್ರಿ 9:10

ಅಕ್ಕ: ಒಳ್ಳೆಯ ಉದಾಹರಣೆಯನ್ನೇ ಎತ್ತಿದಿರಿ ದೊಡ್ಡಪ್ಪ. ಫೆಲಿಕ್ಸ್ ಬೌಮ್‌ಗಾರ್ಟ್ನರ್, 2012ರ ಅಕ್ಟೋಬರ್ 14, ಸುಮಾರು 39 ಕಿಲೋಮೀಟರ್ ಎತ್ತರ. ಅವರ ಕಿವಿಯಲ್ಲಿದ್ದ ದನಿ ಜೋಸೆಫ್ ಕಿಟಿಂಜರ್ ಅವರದು. ಆಗ ಅವರಿಗೆ 84 ವರ್ಷ. 1960ರಲ್ಲಿ 31 ಕಿಲೋಮೀಟರಿನಿಂದ ಹಾರಿದವರು. ಮುರಿಯಬೇಕಾಗಿದ್ದದ್ದು ಅವರದೇ ದಾಖಲೆ! ಅದನ್ನು ಮುರಿಯುವವನ ಜತೆ ನೆಲದಿಂದ ರೇಡಿಯೊದಲ್ಲಿ ಮಾತಾಡುತ್ತ ಅವರೇ ಕುಳಿತಿದ್ದರು.

ಅಕ್ಕ: ಅವರು ಮಾಡಿದ್ದೇನು ಗೊತ್ತೇ? ಹೊರಡುವ ಮುನ್ನ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಒಂದೊಂದಾಗಿ ಓದಿದರು. ಇದನ್ನು ಬಿಚ್ಚು, ಅದನ್ನು ಸರಿಸು, ಕಾಲನ್ನು ಹೊರಗೆ ಇಡು. ಪ್ರತಿಯೊಂದಕ್ಕೂ ಮೇಲಿನಿಂದ ಉತ್ತರ ಬರುವವರೆಗೆ ಕಾದರು. ಮೇಲೇರುವಾಗ ಮುಖಗವಚದ ಹೀಟರ್ ಬಗ್ಗೆ ಅನುಮಾನ ಬಂದಾಗ ಹಾರುವುದೋ ವಾಪಸ್ಸು ಇಳಿಸುವುದೋ ಎಂದು ಬಿಚ್ಚುಮನಸ್ಸಿನಿಂದ ಮಾತಾಡಿಕೊಂಡರು. ಅದಕ್ಕೂ ಮೊದಲು ಬೌಮ್‌ಗಾರ್ಟ್ನರ್‌ಗೆ ಅಷ್ಟು ಎತ್ತರದಲ್ಲಿ ಮೈಸುತ್ತ ಗಾಳಿಯ ಒತ್ತಡ ಉಳಿಸುವ ಉಡುಪಿನೊಳಗೆ ಉಸಿರು ಕಟ್ಟಿದಂತಾಗಿ, ಅಭ್ಯಾಸವನ್ನೇ ಬಿಟ್ಟು ಹೊರಟುಹೋಗಿದ್ದರು. ಯಾರೂ ಎಳೆದು ತಂದು ಹಾಕಲಿಲ್ಲ. ಮನಶ್ಶಾಸ್ತ್ರಜ್ಞರೊಬ್ಬರ ಜತೆ ಕೆಲಸ ಮಾಡಿ ಆ ಭಯವನ್ನು ದಾಟಿದ ಮೇಲೆಯೇ ಮರಳಿದ್ದು.

ಅಕ್ಕ: ಕಿಟಿಂಜರ್‌ಗೆ ಭಯ ಗೊತ್ತಿತ್ತು. 1959ರ ಮೊದಲ ಎತ್ತರದ ಜಂಪಿನಲ್ಲಿ ಸಣ್ಣ ಪ್ಯಾರಾಚೂಟ್ ಹೊತ್ತಿಗೆ ಮುಂಚೆ ಹೊರಬಂದು ಅದರ ಹಗ್ಗ ಅವರ ಕತ್ತಿಗೆ ಸುತ್ತಿಕೊಂಡಿತು. ಬುಗುರಿಯಂತೆ ತಿರುಗಿ ಪ್ರಜ್ಞೆ ತಪ್ಪಿತು. ತಾನಾಗಿ ಅರಳಿದ ತುರ್ತು ಪ್ಯಾರಾಚೂಟ್ ಅವರನ್ನು ಉಳಿಸಿತು. ಅಂಥವರು ಇನ್ನೊಬ್ಬರಿಗೆ "ಏನೂ ಆಗುವುದಿಲ್ಲ, ಹಾರು" ಎನ್ನುವುದಿಲ್ಲ. ಏನಾಗಬಹುದು ಎಂದು ಹೇಳಿ, ಆದಾಗ ಏನು ಮಾಡಬೇಕು ಎಂದು ಹೇಳಿ, ಆಮೇಲೆ ಪಕ್ಕದಲ್ಲಿರುತ್ತಾರೆ.

ಚಿಕ್ಕಮ್ಮ: ಆ ಬೌಮ್‌ಗಾರ್ಟ್ನರ್ ಕೊನೆಗೆ ಏನಾದರು, ಅದನ್ನೂ ಹೇಳು.

ಅಕ್ಕ: 2025ರ ಜುಲೈನಲ್ಲಿ ಇಟಲಿಯಲ್ಲಿ ತೀರಿಕೊಂಡರು. ಮೋಟಾರು ಪ್ಯಾರಾಗ್ಲೈಡರ್ ಅಪಘಾತ.

ಅಕ್ಕ: ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ ಚಿಕ್ಕಮ್ಮ. ಆ ಸುದ್ದಿ ಓದಿದ ದಿನ ಇಡೀ ರಾತ್ರಿ ಎಚ್ಚರವಾಗಿದ್ದೆ.

ಭಾವ: ನಾನೂ.

ಅಮ್ಮ: ಒಂದು ಗಂಟೆಯಿಂದ ಎಲ್ಲರೂ ಮಾತಾಡುತ್ತಿದ್ದೀರಿ. ಹಾರಬೇಕಾದವನನ್ನು ಯಾರಾದರೂ ಕೇಳಿದಿರಾ?

ರಾತ್ರಿ 9:26

(ಇಷ್ಟು ಹೊತ್ತು ನಾನು ಮೂರು ಸಲ ಬರೆದು ಮೂರು ಸಲ ಅಳಿಸಿದ್ದೆ. ನಾಲ್ಕನೆಯ ಸಲ ಕಳಿಸಿದೆ.)

ನಾನು: ಹತ್ತು ದಿನದಿಂದ ನಿದ್ದೆ ಸರಿಯಾಗಿಲ್ಲ. ದೊಡ್ಡಪ್ಪ ದಿನಾ ಬೆಳಿಗ್ಗೆ "ಇನ್ನು ಹತ್ತು ದಿನ", "ಇನ್ನು ಒಂಬತ್ತು ದಿನ" ಎಂದು ಹಾಕುತ್ತಿದ್ದರು. ಅದರ ಕೆಳಗೆ ನಿಮ್ಮೆಲ್ಲರ ಹೆಬ್ಬೆರಳು. ಒಂದು ದಿನ ಬೇಡ ಎಂದು ಬರೆಯಲು ಹೋದೆ, ಅಷ್ಟರಲ್ಲಿ ಅಣ್ಣ "ಸಿಂಹದ ಮರಿ" ಎಂದು ಬರೆದಿದ್ದ. ಆಮೇಲೆ ಹೇಳಲು ಆಗಲಿಲ್ಲ.

ನಾನು: ಹಾರುವ ಆಸೆ ಇದೆ. ಅಕ್ಕ ಮೊದಲ ಸಲ ಹಾರಿ ಬಂದ ದಿನದ ಅವಳ ಮುಖ ನನಗೆ ನೆನಪಿದೆ. ಆದರೆ ಭಾನುವಾರ ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಅಣ್ಣ: ನನಗೆ ಗೊತ್ತಾಗಲಿಲ್ಲ ಕಣೋ. ತಳ್ಳುವ ಮಾತು ಹಿಂದಕ್ಕೆ ತೆಗೆದುಕೊಂಡೆ.

ನಾನು: ಅಕ್ಕ, ಬಾಗಿಲ ಹತ್ತಿರ ಹೋದ ಮೇಲೂ ಬೇಡ ಎನ್ನಬಹುದೇ?

ಅಕ್ಕ: ಎನ್ನಬಹುದು. ನೆಲದ ಮೇಲೆ ಎನ್ನಬಹುದು, ವಿಮಾನದಲ್ಲಿ ಎನ್ನಬಹುದು, ಬಾಗಿಲಲ್ಲಿ ಕಾಲು ಇಳಿಬಿಟ್ಟು ಕುಳಿತ ಮೇಲೂ ಎನ್ನಬಹುದು. ಗಾಳಿಯ ಸದ್ದಿಗೆ ಮಾತು ಕೇಳಿಸುವುದಿಲ್ಲ. ಅದಕ್ಕೆ ಯಾವ ಸನ್ನೆ ಮಾಡಬೇಕು ಎಂದು ತರಬೇತಿಯ ಹೊತ್ತಿನಲ್ಲೇ ತರಬೇತುದಾರರನ್ನು ಕೇಳಿ ಗಟ್ಟಿಮಾಡಿಕೊ. ನಿನ್ನ ಜತೆ ಅವರೂ ವಿಮಾನದಲ್ಲೇ ಇಳಿಯುತ್ತಾರೆ. ಅದಕ್ಕೆ ಬೇಸರ ಮಾಡಿಕೊಳ್ಳುವವರ ಜತೆ ನಿನ್ನನ್ನು ನಾನು ಹತ್ತಿಸುವುದಿಲ್ಲ. ಆ ದಿನ ನಾನು ಹಾರುವುದಿಲ್ಲ, ನಿನ್ನ ಜತೆ ಕೆಳಗೆ ಇರುತ್ತೇನೆ.

ಚಿಕ್ಕಮ್ಮ: ದುಡ್ಡು ಹೋದರೆ ಹೋಗಲಿ ಕಂದ. ಯಾರೂ ಕೇಳುವುದಿಲ್ಲ. ಶೂ ಮಾತ್ರ ಗಟ್ಟಿಯಾಗಿ ಕಟ್ಟಿಕೊ, ಹಾರಿದರೂ ಹಾರದಿದ್ದರೂ.

ರಾತ್ರಿ 9:52

ದೊಡ್ಡಪ್ಪ: ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ನಿನಗೆ ಧೈರ್ಯ ತುಂಬುತ್ತಿದ್ದೇನೆ ಎಂದುಕೊಂಡಿದ್ದೆ ಮಗು. ನನ್ನ ಹೆಮ್ಮೆಯ ಭಾರವನ್ನು ನಿನ್ನ ಬೆನ್ನಿಗೆ ಕಟ್ಟುತ್ತಿದ್ದೆ ಎಂದು ಈಗ ಕಾಣುತ್ತಿದೆ. ನಾಳೆಯಿಂದ ದಿನ ಎಣಿಸುವುದಿಲ್ಲ.

ನಾನು: ಭಾವ, ನೀವು ಬರುತ್ತೀರಾ? ಕೆಳಗೆ ನಿಂತು ನನ್ನದನ್ನೂ ಎಣಿಸಲು.

ಭಾವ: ಬರುತ್ತೇನೆ. ಒಂದೇ ಬೇಡಿಕೆ. ನೀನು ಹಾರದೆ ವಿಮಾನದಲ್ಲೇ ಇಳಿಯುವುದಾದರೆ ಎಣಿಕೆಯಲ್ಲಿ ಒಂದು ಕಡಿಮೆ ಬರುತ್ತದೆ. ಅದು ನನಗೆ ಮೊದಲೇ ತಿಳಿಯಬೇಕು. ಇನ್ನೊಂದು ಸಲ 13ಕ್ಕೆ ನಿಲ್ಲಲು ನನ್ನಿಂದ ಆಗುವುದಿಲ್ಲ.

ಅಕ್ಕ: ಪೈಲಟ್ ರೇಡಿಯೊದಲ್ಲಿ ಕೆಳಗೆ ತಿಳಿಸುವಂತೆ ಹೇಳಿಡುತ್ತೇನೆ. ರೇಡಿಯೊ ಇಟ್ಟುಕೊಂಡಿರುವವರ ಪಕ್ಕದಲ್ಲೇ ನಿಲ್ಲೋಣ.

ಅಮ್ಮ: ನಾನೂ ಬರುತ್ತೇನೆ.